ಸರ್ಟಿಫಿಕೇಟ್ ಸಾಲದು, ಕೆಲಸ ಬಲ್ಲ ಮೇಲ್ವಿಚಾರಕ ಬೇಕು



ಮನೆಗೆ ಬರುವ ಪ್ಲಂಬರ್, ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್‌ಗಳಿಗೆ ಕೆಲಸವೇ ಬರುವುದಿಲ್ಲ, ಸರ್ಕಾರ ಇವರಿಗೆಲ್ಲ ಹತ್ತು ದಿನ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕಡ್ಡಾಯ ಮಾಡಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಪರಿಹಾರವನ್ನು ಮಾತ್ರ ನಾನು ಒಪ್ಪಲಾರೆ. ಮುಂಬಯಿಯ ಪವಾಯಿಯಲ್ಲಿರುವ ಹೌಸಿಂಗ್ ಸೊಸೈಟಿಯೊಂದರ ಕಮಿಟಿಯಲ್ಲಿ ರಿಪೇರಿ ಕೆಲಸಗಳ ಉಸ್ತುವಾರಿ ನೋಡುವವನು ನಾನು. ನನಗೆ ಕಂಡಂತೆ, ದೊಡ್ಡ ಕೊರತೆ ಇರುವುದು ಕೆಲಸಗಾರನ ಮೇಲಿನ ಜಾಗದಲ್ಲಿ. ಅಲ್ಲಿ ಕೆಲಸ ಬಲ್ಲವರು ಯಾರೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಒಂದು ಮನೆಗೆ ಎಸಿ ರಿಪೇರಿಗೆಂದು ಆ್ಯಪ್ ಮೂಲಕ ಹುಡುಗನೊಬ್ಬ ಬಂದಿದ್ದ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ತಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು ಎಂದ. ಸೋರುತ್ತಿದ್ದ ಜಾಯಿಂಟನ್ನು ಚೆನ್ನಾಗಿಯೇ ಸರಿಮಾಡಿದ. ಆಮೇಲೆ ಪೈಪಿಗೆ ವ್ಯಾಕ್ಯೂಮ್ ಪಂಪ್ ಹಚ್ಚದೆ ನೇರವಾಗಿ ಗ್ಯಾಸ್ ತುಂಬಲು ಸಿಲಿಂಡರ್ ಎತ್ತಿಕೊಂಡ. ಯಾಕಪ್ಪಾ ಎಂದು ಕೇಳಿದೆ. "ನನಗೂ ಗೊತ್ತೈತ್ರಿ ಸರ. ವ್ಯಾಕ್ಯೂಮ್ ಮಾಡಾಕ ಅರ್ಧ ತಾಸು ಬೇಕ್ರಿ. ಮುಂದಿನ ಕಾಲ್ ಚಾಂದಿವಲ್ಯಾಗ ಐತಿ, ತಡ ಆದ್ರ ರೇಟಿಂಗ್ ಬೀಳ್ತೈತ್ರಿ" ಎಂದ. ನಿಮ್ಮ ಮ್ಯಾನೇಜರಿಗೆ ಫೋನ್ ಮಾಡು ಎಂದೆ. ಆ ಕಡೆಯಿಂದ ಬಂದ ಉತ್ತರವನ್ನು ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು: ಗ್ಯಾಸ್ ತುಂಬಿ ಬಾ, ಕಸ್ಟಮರ್ ಜೊತೆ ವಾದ ಬೇಡ.

ಪೈಪಿನೊಳಗೆ ಗಾಳಿ, ತೇವ ಉಳಿದರೆ ಕಂಪ್ರೆಸರ್ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಈಗಿನ ಎಸಿಗಳಲ್ಲಿ ಹೆಚ್ಚಾಗಿ ಬಳಸುವ ಆರ್-32 ಹಳೆಯ ಆರ್-22ರಂತಲ್ಲ, ಅದು ಹೊತ್ತಿಕೊಳ್ಳಬಲ್ಲ ಅನಿಲ. ಹುಡುಗನಿಗೆ ಇದು ತಿಳಿದಿತ್ತು. ಫೋನಿನ ಆ ತುದಿಯಲ್ಲಿದ್ದವರಿಗೆ ತಿಳಿದಿರಲಿಲ್ಲ, ಇಲ್ಲವೇ ತಿಳಿಯುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ. ಈ ಹುಡುಗನಿಗೆ ಇನ್ನೂ ಹತ್ತು ದಿನದ ತರಬೇತಿ ಕೊಟ್ಟರೆ ಏನು ಬದಲಾದೀತು?

ತರಬೇತಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಐಟಿಐಯಲ್ಲಿ ಫ್ರಿಜ್-ಎಸಿ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷದ್ದು, ಎಲೆಕ್ಟ್ರಿಷಿಯನ್ ಕೋರ್ಸೂ ಎರಡು ವರ್ಷ, ಪ್ಲಂಬರ್‌ಗೆ ಒಂದು ವರ್ಷ. ಅಷ್ಟು ಕಾಲ ಬೇಕು ಎಂದು ಗೊತ್ತಿದ್ದೇ ಹಾಗೆ ಇಟ್ಟಿದ್ದಾರೆ. 2019ರ ಭಾರತ ಕೂಲಿಂಗ್ ಆ್ಯಕ್ಷನ್ ಪ್ಲಾನ್ ಒಂದು ಲಕ್ಷ ಸರ್ವಿಸ್ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಒಳ್ಳೆಯ ಗುರಿ. ಆದರೆ ಆ ಲಕ್ಷ ಜನರನ್ನು ನಡೆಸುವವರು ಯಾರು, ಆ ನಡೆಸುವವರಿಗೆ ಕಲಿಸುವುದೇನು ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ.

ನಮ್ಮ ಊರಿನವರು ಈ ಮುಂಬಯಿಯಲ್ಲಿ ಇದೇ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದರು. ಉಡುಪಿ ಹೋಟೆಲಿಗೆ ಬಂದ ಹುಡುಗ ಕಪ್ಪು ಬಸಿ ತೊಳೆಯುವುದರಿಂದ ಶುರುಮಾಡಿ, ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಸ್ಟೋರ್ ನೋಡಿಕೊಂಡು, ಕೊನೆಗೆ ಗಲ್ಲೆಯಲ್ಲಿ ಕೂರುತ್ತಿದ್ದ. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಅಡುಗೆಮನೆಯ ಸಣ್ಣ ಕೆಲಸದಿಂದಲೇ ಬಂದವರು. ಹಗಲು ದುಡಿದು ರಾತ್ರಿ ಓದಲು ಮೊಗವೀರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆಗಳಿದ್ದವು. ಹೀಗೆ ಮೇಲೆ ಬಂದ ಮ್ಯಾನೇಜರನಿಗೆ ಒಂದು ದಿನಕ್ಕೆ ಎಷ್ಟು ಹಾಲು, ಎಷ್ಟು ಉದ್ದು ಬೇಕು ಎಂಬುದು ಗೊತ್ತಿರುತ್ತಿತ್ತು. ಭಟ್ಟರು ಯಾವಾಗ ಸುಸ್ತಾಗಿದ್ದಾರೆ ಎಂಬುದೂ ಗೊತ್ತಾಗುತ್ತಿತ್ತು. ಆ ಹೋಟೆಲುಗಳಲ್ಲಿ ಶೋಷಣೆ ಇರಲಿಲ್ಲವೆಂದಲ್ಲ. ಎಳೆಯ ಮಕ್ಕಳನ್ನು ದುಡಿಸಿದ್ದನ್ನು ಯಾರೂ ಸಮರ್ಥಿಸಬಾರದು. ಆದರೆ ಮೇಲಕ್ಕೆ ಹತ್ತುವ ಮೆಟ್ಟಿಲು ಅಲ್ಲಿತ್ತು.

ಪ್ಲಂಬಿಂಗ್‌ನಲ್ಲೂ ಇಂಥ ಪರಂಪರೆ ಇದೆ. ನಮ್ಮ ಸೊಸೈಟಿಯ ಪೈಪ್ ಕೆಲಸ ಮಾಡುವವರು ಒಡಿಶಾದ ಕೇಂದ್ರಪಾಡಾ ಜಿಲ್ಲೆಯವರು. ದೇಶದ ಹಲವು ದೊಡ್ಡ ನಗರಗಳಲ್ಲಿ ಆ ಜಿಲ್ಲೆಯ ಪ್ಲಂಬರ್‌ಗಳಿದ್ದಾರೆ. ಅಣ್ಣನ, ಚಿಕ್ಕಪ್ಪನ ಕೈಕೆಳಗೆ ಕಲಿತು ಬಂದವರು. ಅಲ್ಲಿನ ಪಟ್ಟಾಮುಂಡೈಯಲ್ಲಿ ಒಡಿಶಾ ಸರ್ಕಾರ ಪ್ಲಂಬಿಂಗ್‌ಗೆಂದೇ ಒಂದು ಸಂಸ್ಥೆ ನಡೆಸುತ್ತಿದೆ. ನಮ್ಮಲ್ಲಿಗೆ ಬರುವ ಮೇಸ್ತ್ರಿ ಹೊಸ ಹುಡುಗನನ್ನು ಒಬ್ಬನೇ ಯಾರ ಮನೆಗೂ ಕಳಿಸುವುದಿಲ್ಲ. ಮೊದಲು ಟೆರೇಸಿನ ಟ್ಯಾಂಕಿನ ಕೆಲಸ, ಆಮೇಲೆ ಡಕ್ಟಿನ ಪೈಪು, ಟೈಲ್ಸ್ ಒಡೆಯುವ ಬಾತ್‌ರೂಮ್ ಕೆಲಸ ಕೊನೆಗೆ. ಕೆಲಸ ಮುಗಿದ ಮೇಲೆ ನೀರು ಬಿಟ್ಟು, ಕೆಳಗಿನ ಮನೆಗೆ ಹೋಗಿ ತಾನೇ ಸೀಲಿಂಗಿಗೆ ಕೈ ಒತ್ತಿ ನೋಡುತ್ತಾರೆ. ಇದನ್ನು ಯಾವ ರೇಟಿಂಗ್ ಮಾಡೀತು?

ಆದರೆ ಆ ಮೇಸ್ತ್ರಿಗೂ ಎಸ್ಟಿಮೇಟ್ ಬರೆಯಲು, ಜಿಎಸ್‌ಟಿ ಬಿಲ್ ಮಾಡಲು, ನಾಲ್ಕು ಹುಡುಗರ ಹಾಜರಿ-ಸಾಮಾನಿನ ಲೆಕ್ಕ ಇಡಲು ಬರುವುದಿಲ್ಲ. ಹೀಗಾಗಿ ಅವರ ವ್ಯಾಪಾರ ಅಲ್ಲೇ ನಿಂತಿದೆ. ಅತ್ತ ದೊಡ್ಡ ಆ್ಯಪ್ ಕಂಪನಿಗಳಿಗೆ ಲೆಕ್ಕ ಬರುತ್ತದೆ, ಪಾನಾ ಹಿಡಿಯಲು ಬರುವುದಿಲ್ಲ. ಕೆಲವು ಕಂಪನಿಗಳು ತರಬೇತಿ ಕೇಂದ್ರ ನಡೆಸುತ್ತವೆ, ಅದು ಒಳ್ಳೆಯದೇ. ಆದರೆ ಐದು ವರ್ಷ ಚೆನ್ನಾಗಿ ದುಡಿದವನಿಗೂ ಮೊದಲ ದಿನದವನಿಗೂ ಅಲ್ಲಿ ಸಿಗುವ ಹೆಸರು ಒಂದೇ, 'ಪಾರ್ಟ್‌ನರ್'.

ಈ ಹೆಸರಿನಿಂದ ಇನ್ನೊಂದು ನಷ್ಟವೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಸಾಮಾಜಿಕ ಭದ್ರತಾ ಸಂಹಿತೆಯೋ ಆ್ಯಪ್ ಮೂಲಕ ದುಡಿಯುವ ಇಂಥ ಗಿಗ್ ಕೆಲಸಗಾರರನ್ನು ಮಾಲೀಕ-ನೌಕರ ಸಂಬಂಧದ ಹೊರಗಿಟ್ಟೇ ನೋಡುತ್ತದೆ. ಸಾವಿರಾರು ಜನರಿಂದ ಕೆಲಸ ತೆಗೆಯುವ ಸಂಸ್ಥೆಯೂ ಅವರನ್ನು ಲೆಕ್ಕಕ್ಕೆ ಹಿಡಿಯದೆ ಉಳಿಯಬಹುದು. ಅಪ್ರೆಂಟಿಸ್‌ಗಳ ಪ್ರಮಾಣ ನಿಗದಿಮಾಡುವಾಗ ಪಾರ್ಟ್‌ನರ್‌ಗಳನ್ನೂ ಎಣಿಸಬೇಕು ಎಂಬುದು ನನ್ನ ಮೊದಲ ಒತ್ತಾಯ. ಇನ್ನು ಸಣ್ಣ ಮೇಸ್ತ್ರಿಗಳ ವಿಷಯ. ಕನಿಷ್ಠ ನಾಲ್ಕು ಜನರಿರುವ ಸಂಸ್ಥೆ ಸ್ವಇಚ್ಛೆಯಿಂದ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ ಭರಿಸುತ್ತದೆ ಎಂದಿದೆ. ನಾನು ವಿಚಾರಿಸಿದ ಒಬ್ಬ ಮೇಸ್ತ್ರಿಗೂ ಈ ಸುದ್ದಿ ತಲುಪಿರಲಿಲ್ಲ. ಯೋಜನೆಯ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಕೊಡುವವರೂ ಅವರಿಗಿಲ್ಲ.

ಇಲ್ಲೇ ನಮ್ಮ ಸಮಾಜದ ಸಂಸ್ಥೆಗಳನ್ನು ಕೇಳಬೇಕೆನಿಸುತ್ತದೆ. ಪವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಕಾಲೇಜು ಇದೆ, ಮ್ಯಾನೇಜ್‌ಮೆಂಟ್ ಪದವಿ ಕಲಿಸುತ್ತದೆ. ರಾತ್ರಿ ಶಾಲೆಗಳನ್ನು ಕಟ್ಟಿದ ಸಂಘಗಳು ಇನ್ನೂ ಇವೆ. ಎಂಟು-ಹತ್ತು ವರ್ಷ ಕೆಲಸ ಮಾಡಿದ ಪ್ಲಂಬರ್, ವೈರ್‌ಮನ್, ಎಸಿ ಮೆಕ್ಯಾನಿಕ್‌ಗಳಿಗಾಗಿ ವಾರದಲ್ಲಿ ಎರಡು ಸಂಜೆ ಕ್ಲಾಸ್ ತೆರೆಯಲಿ. ಎಸ್ಟಿಮೇಟ್, ನಕ್ಷೆ ಓದುವುದು, ಸುರಕ್ಷತೆ, ಹೊಸಬನಿಗೆ ಕಲಿಸುವ ಕ್ರಮ, ಗಿರಾಕಿಗೆ 'ಇದು ಇವತ್ತು ಆಗುವುದಿಲ್ಲ' ಎಂದು ಗೌರವದಿಂದ ಹೇಳುವುದು, ಇಷ್ಟು ಕಲಿಸಲಿ. ಹಿಂದಿ, ಮರಾಠಿಯ ಜೊತೆಗೆ ಕನ್ನಡದಲ್ಲೂ ಇರಲಿ. ವಿಜಯಪುರ, ಕಲಬುರಗಿಯ ಹುಡುಗರು ಇಲ್ಲಿ ಬಹಳ ಇದ್ದಾರೆ.

ಸೊಸೈಟಿಗಳ ಕೈಯಲ್ಲೂ ಒಂದು ಕೆಲಸ ಇದೆ. ವಾರ್ಷಿಕ ನಿರ್ವಹಣೆಯ ಕಾಂಟ್ರ್ಯಾಕ್ಟ್ ಕೊಡುವಾಗ ನಾವು ರೇಟು ಮಾತ್ರ ಕೇಳುತ್ತೇವೆ. ನಿಮ್ಮ ಸೂಪರ್‌ವೈಸರ್ ಯಾವ ಕೆಲಸ ಮಾಡಿ ಸೂಪರ್‌ವೈಸರ್ ಆದರು, ಅವರ ಕೈಕೆಳಗೆ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಟೆಂಡರ್ ಫಾರ್ಮಿನಲ್ಲಿ ಸೇರಿಸಲು ನಮ್ಮ ಮುಂದಿನ ಮಹಾಸಭೆಗೆ ನಾನು ಠರಾವು ಕೊಟ್ಟಿದ್ದೇನೆ. ಬೇರೆ ಸೊಸೈಟಿಗಳ ಕನ್ನಡಿಗ ಸದಸ್ಯರೂ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

— ಹೌಸಿಂಗ್ ಸೊಸೈಟಿ ಕಮಿಟಿಯ ಸದಸ್ಯ, ಪವಾಯಿ, ಮುಂಬಯಿ