ಕಿವಿಗೆ ಬಿದ್ದ ಚರಿತ್ರೆ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈಗ ಓದುತ್ತಿರುವ ಬಾಲಿಕೆಯರ ತಾಯ್ತಂದೆಗಳಿಗೂ ಒಂದು ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳುವುದಕ್ಕೆ ಈ ಸ್ಮರಣ ಸಂಚಿಕೆಯೇ ತಕ್ಕ ಸ್ಥಳವೆಂದು ಭಾವಿಸಿದ್ದೇವೆ. ಅದು ಪಾಡ್‌ಕಾಸ್ಟ್ ಎಂಬ ಹೊಸ ಸಾಧನದ ವಿಷಯ. ಅದರಲ್ಲಿಯೂ ಚರಿತ್ರೆಯನ್ನು ಕಥೆಯಾಗಿ ಹೇಳುವ ಪಾಡ್‌ಕಾಸ್ಟುಗಳ ವಿಷಯ. ಈ ಹೆಸರು ಹುಟ್ಟಿದುದು ೨೦೦೪ರಲ್ಲಿ. ಇಂಗ್ಲೆಂಡಿನ ಬೆನ್ ಹ್ಯಾಮರ್‌ಸ್ಲಿ ಎಂಬ ಪತ್ರಕರ್ತರು ಐಪಾಡ್ ಎಂಬ ಪುಟ್ಟ ಯಂತ್ರದ ಹೆಸರಿಗೆ ಬಾನುಲಿಯ ಪ್ರಸಾರವೆಂಬ ಅರ್ಥದ ಇಂಗ್ಲಿಷ್ ಪದದ ಬಾಲವನ್ನು ಅಂಟಿಸಿ ಇದನ್ನು ಮಾಡಿದರು. ಆ ಯಂತ್ರ ಮಾಯವಾಯಿತು, ಹೆಸರು ಉಳಿಯಿತು. ಈಗ ಮೊಬೈಲಿನಲ್ಲಿ ಬೇಕಾದ ಕಂತನ್ನು ಬೇಕಾದ ಹೊತ್ತಿಗೆ ಕೇಳಬಹುದು; ಒಮ್ಮೆ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಊರಿನಲ್ಲಿಯೂ ಕೇಳಬಹುದು. ದೇವದುರ್ಗದ ಕಡೆಯ ಹಳ್ಳಿಗಳಿಂದ ಬರುವ ನಮ್ಮ ಹುಡುಗಿಯರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕೇಳಿ ಕಲಿಯುವುದು ನಮ್ಮ ಸೀಮೆಗೆ ಹೊಸತೆಂದು ಯಾರೂ ತಿಳಿಯಬಾರದು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಇವರ ಪದಗಳು ಅಚ್ಚಿನ ಮನೆಯನ್ನು ಕಾಣುವುದಕ್ಕೆ ಎಷ್ಟೋ ಮೊದಲೇ ಅಕ್ಷರ ಬಾರದ ಹೆಂಗಸರ ಬಾಯಲ್ಲಿ ಬಾಳಿದುವು. ಮುದಗಲ್ಲಿನ ಮೊಹರಮ್ಮಿನಲ್ಲಿ ರಿವಾಯತ್ ಪದಗಳನ್ನು ಕೇಳಿದವರು ನಮ್ಮ ವಾಚಕರಲ್ಲಿ ಅನೇಕರಿರುವರು. ಕ್ರಿಸ್ತಶಕ ೬೮೦ರಲ್ಲಿ ಕರ್ಬಲಾದಲ್ಲಿ ನಡೆದುದನ್ನು ಅಚ್ಚ ಕನ್ನಡದಲ್ಲಿ, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಹಾಡುವ ಆ ಪದಗಳನ್ನು ಕೇಳಿ ಕಣ್ಣೀರು ತಂದುಕೊಂಡ ರೈತನು ಯಾವ ಶಾಲೆಯಲ್ಲಿಯೂ ಚರಿತ್ರೆ ಓದಿದವನಲ್ಲ. ೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿ ಅದಕ್ಕೆ ಆಕಾಶವಾಣಿ ಎಂಬ ಹೆಸರು ಸಲ್ಲುವಂತೆ ಮಾಡಿದಾಗಲೂ ಆಡುವ ಮಾತಿಗೆ ಇರುವ ಶಕ್ತಿಯನ್ನೇ ನಂಬಿದ್ದರು. ಪಾಡ್‌ಕಾಸ್ಟು ಆ ಮನೆತನದ್ದೇ ಕಿರಿಯ ಕೂಸು.

ಆದರೆ ತಾಯ್ತಂದೆಗಳು ನಮ್ಮ ಬಳಿಗೆ ಬಂದು ಹೇಳುವ ದೂರು ಬೇರೆ. "ಅಮ್ಮನವರೇ, ಹುಡುಗಿ ಕಿವಿಗೆ ಅದೇನನ್ನೋ ಸಿಕ್ಕಿಸಿಕೊಂಡು ಕೂಡ್ತಾಳ್ರಿ, ಕರೆದ್ರ ಓ ಅನ್ನೂದಿಲ್ಲ" ಎಂದು ಒಬ್ಬ ತಾಯಿ ಕಳೆದ ವರ್ಷ ಹೇಳಿದರು. ವಿಚಾರಿಸಿ ನೋಡಲಾಗಿ, ಆ ಹುಡುಗಿ ಕೇಳುತ್ತಿದ್ದುದು ರೋಮ್ ಸಾಮ್ರಾಜ್ಯದ ಕಥೆ! ಮೊಬೈಲಿನಿಂದಾಗುವ ಕೇಡನ್ನು ನಾವು ಅಲ್ಲಗಳೆಯುವುದಿಲ್ಲ. ಶಾಲೆಯ ಆವರಣದೊಳಗೆ ಅದನ್ನು ತರಕೂಡದೆಂಬ ನಿಯಮವನ್ನು ಸಡಿಲಿಸುವ ಯೋಚನೆಯೂ ನಮಗಿಲ್ಲ. ಆದರೂ ಎಲ್ಲವನ್ನೂ ಒಂದೇ ಗೋಣಿಯಲ್ಲಿ ತುಂಬಿ ಕಟ್ಟುವುದು ವಿವೇಕವಲ್ಲ. ಕಣ್ಣನ್ನು ಹಿಡಿದಿಡುವ ಚಿತ್ರಗಳು ಕೈಗಳನ್ನೂ ಹಿಡಿದಿಡುವುವು. ಕಿವಿಯಿಂದ ಕೇಳುವ ಕಥೆ ಹಾಗಲ್ಲ. ಜೋಳ ಹಸನು ಮಾಡುವಾಗ, ರೊಟ್ಟಿ ತಟ್ಟುವಾಗ, ತಮ್ಮನನ್ನು ತೊಟ್ಟಿಲಲ್ಲಿ ತೂಗುವಾಗ ಅದನ್ನು ಕೇಳಬಹುದು. ಮನೆಯ ಹುಡುಗನಿಗೆ ಪುಸ್ತಕ ಹಿಡಿದು ಕೂಡುವುದಕ್ಕೆ ಸಿಗುವಷ್ಟು ಹೊತ್ತು ಹುಡುಗಿಗೆ ಸಿಗುವುದಿಲ್ಲವೆಂಬುದನ್ನು ಇಷ್ಟು ವರ್ಷಗಳ ಅಧ್ಯಾಪನದಲ್ಲಿ ನಾವು ದಿನವೂ ಕಂಡಿದ್ದೇವೆ. (ಸಿಗಬಾರದೇಕೆ ಎಂಬುದು ಬೇರೊಂದು ಪ್ರಶ್ನೆ, ಅದನ್ನು ತಂದೆಯವರ ಮುಂದೆ ಇಡುವುದನ್ನು ನಾವೇನೂ ಬಿಟ್ಟಿಲ್ಲ.) ಕೈಗೆ ಬಿಡುವಿಲ್ಲದವಳಿಗೆ ಕಿವಿಯಾದರೂ ತೆರೆದಿರಲಿ ಎಂಬುದೇ ನಮ್ಮ ಮೊದಲನೆಯ ವಾದ.

ಈಗ ಕೇಳಲು ಸಿಗುವುದೇನು? ಅಮೆರಿಕದ ಮೈಕ್ ಡಂಕನ್ ಎಂಬವರು ೨೦೦೭ರಿಂದ ೨೦೧೨ರ ವರೆಗೆ ಒಬ್ಬರೇ ಕುಳಿತು ರೋಮಿನ ಚರಿತ್ರೆಯನ್ನು ಮೊದಲಿನಿಂದ ಹೇಳಿಕೊಂಡು ಬಂದರು. ನಮ್ಮ ಹುಡುಗಿಗೆ ಹಿಡಿಸಿದುದು ಅದೇ. ವಿಲಿಯಂ ಡಾಲ್‌ರಿಂಪಲ್ ಮತ್ತು ಅನಿತಾ ಆನಂದ್ ಇವರು ೨೦೨೨ರಲ್ಲಿ ಎಂಪೈರ್ ಎಂಬುದನ್ನು ಆರಂಭಿಸಿ ಮೊದಲಿಗೆ ಈಸ್ಟ್ ಇಂಡಿಯಾ ಕಂಪೆನಿಯ ಕಥೆಯನ್ನೆತ್ತಿಕೊಂಡರು. ನಮ್ಮ ದಖ್ಖನಿನ ಚಾಲುಕ್ಯ ರಾಷ್ಟ್ರಕೂಟರ ಮೇಲೆ ಪುಸ್ತಕ ಬರೆದಿರುವ ಅನಿರುದ್ಧ ಕನಿಸೆಟ್ಟಿಯವರ ಎಕೋಸ್ ಆಫ್ ಇಂಡಿಯಾ ಎಂಬುದೂ ಉಂಟು. ಇವೆಲ್ಲವೂ ಇಂಗ್ಲಿಷಿನವು. ಕನ್ನಡದಲ್ಲಿ ಬೆಂಗಳೂರಿನ ಗೆಳೆಯರು ಕೆಲವರು ಕೂಡಿ ನಡೆಸಿದ ತಲೆ-ಹರಟೆಯಂತಹವು ಇವೆಯಾದರೂ ಚರಿತ್ರೆಯನ್ನೇ ಕ್ರಮವಾಗಿ ಹೇಳುವವು ವಿರಳ. ರಾಯಚೂರು ಸೀಮೆಯದನ್ನು ಹೇಳುವವು ಇನ್ನೂ ವಿರಳ.

ಇದರ ಫಲವೇನೆಂಬುದಕ್ಕೆ ಮಸ್ಕಿಯ ಉದಾಹರಣೆಯೊಂದೇ ಸಾಕು. ೨೦೧೦ರಲ್ಲಿ ಬಿ.ಬಿ.ಸಿ.ಯವರು ಬ್ರಿಟಿಷ್ ಮ್ಯೂಸಿಯಮ್ಮಿನ ನೂರು ವಸ್ತುಗಳ ಮೂಲಕ ಜಗತ್ತಿನ ಚರಿತ್ರೆಯನ್ನು ಹೇಳಿಸಿದರು. ಅದರಲ್ಲಿ ಅಶೋಕನ ಸ್ತಂಭದ ಒಂದು ತುಣುಕಿಗೂ ಸ್ಥಾನವಿತ್ತು. ಬಹು ಚೆಲುವಾದ ಕಂತು. ಇಂಗ್ಲಿಷ್ ಬಲ್ಲ ಹುಡುಗಿಯರಿಗೆ ನಾವೇ ಅದನ್ನು ಸೂಚಿಸುತ್ತೇವೆ. ಆದರೆ ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆಯೂ, ಬಂಡೆಗಳ ಮೇಲೆಲ್ಲ ಕಾಣುವ ದೇವಾನಾಂಪ್ರಿಯನು ಅಶೋಕನೇ ಎಂಬುದಕ್ಕೆ ಸಿಂಹಳದ ಗ್ರಂಥಗಳನ್ನು ಆಶ್ರಯಿಸಬೇಕಾಗಿದ್ದಿತು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ನಮ್ಮ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಸ್ಪಷ್ಟವಾಗಿ ಕೊರೆದಿತ್ತು. ಆ ಹೆಸರುಳ್ಳ ಬೇರೆ ಶಾಸನಗಳು ನಿಟ್ಟೂರು, ಉದೇಗೋಳಗಳಲ್ಲಿ ದೊರೆತುದು ಆಮೇಲಿನ ಮಾತು. ಬಸ್ಸು ಹತ್ತಿ ಹೋಗಿ ಸಂಜೆಗೆ ತಿರುಗಿ ಬರಬಹುದಾದ ಆ ಊರನ್ನು ಕಾಣದ ಹುಡುಗಿ ಲಂಡನ್ನಿನಲ್ಲಿರುವ ತುಣುಕಿನ ಅಳತೆಯನ್ನು ಬಾಯಿಪಾಠ ಹೇಳುವಳು. ಇದು ಅವಳ ತಪ್ಪಲ್ಲ. ಅವಳ ಕಿವಿಗೆ ಬಿದ್ದುದು ಅಷ್ಟೇ.

ಇನ್ನು ನಮ್ಮ ಊರಿನದೇ ಕಥೆಗೆ ಬರೋಣ. ೧೫೨೦ರ ಬೇಸಗೆಯಲ್ಲಿ ವಿಜಯನಗರದ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ ಯುದ್ಧವು ಪಾಡ್‌ಕಾಸ್ಟಿನವರಿಗೆ ಬಹು ಪ್ರಿಯವಾದ ವಸ್ತು. ಆನೆ, ಕುದುರೆ, ಫಿರಂಗಿ ಎಲ್ಲವೂ ಅದರಲ್ಲಿ ಇರುವುದಷ್ಟೆ! ನಾವು ಕೇಳಿದ ಕೆಲವು ಕಂತುಗಳಲ್ಲಿ ಅದನ್ನು ಒಂದು ಧರ್ಮದವರು ಇನ್ನೊಂದು ಧರ್ಮದವರ ಮೇಲೆ ನಡೆಸಿದ ಯುದ್ಧವೆಂದೇ ವರ್ಣಿಸಿದ್ದರು. ಧ್ವನಿ ಗಂಭೀರವಾಗಿದ್ದಿತು, ಹಿಂದಿನಿಂದ ನಗಾರಿಯ ಸದ್ದು ಬರುತ್ತಿದ್ದಿತು, ನಿಜವು ಮಾತ್ರ ಕುಂಟುತ್ತಿದ್ದಿತು. ವಿಜಯನಗರದ ದಂಡಿನಲ್ಲಿ ಮುಸಲ್ಮಾನ ಯೋಧರು ಎರಡನೆಯ ದೇವರಾಯನ ಕಾಲದಿಂದಲೂ ಇದ್ದರು. ಕೋಟೆಯ ಮುತ್ತಿಗೆಯಲ್ಲಿ ರಾಯನಿಗೆ ನೆರವಾದ ಬಂದೂಕಿನವರು ಕ್ರಿಸ್ಟೊವಾವ್ ದ ಫಿಗೇರೇದೊ ಎಂಬ ಪೋರ್ಚುಗೀಸನ ಕಡೆಯವರು, ಎಂದರೆ ಕ್ರೈಸ್ತರು. ಜಗಳವು ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿ. ಬಹಮನಿಯರ ಕಾಲದಿಂದ ಕೈಯಿಂದ ಕೈಗೆ ಜಾರುತ್ತಿದ್ದ ಭೂಮಿಗಾಗಿ. ನಮ್ಮ ತರಗತಿಗಳಲ್ಲಿ ಮೂರು ನಾಲ್ಕು ಮತಗಳ ಹುಡುಗಿಯರು ಒಂದೇ ಬೆಂಚಿನ ಮೇಲೆ ಕೂಡುವರು. ಐನೂರು ವರ್ಷಗಳ ಹಿಂದಿನ ಯುದ್ಧವನ್ನು ತಪ್ಪಾಗಿ ಕೇಳಿಬಂದ ಮಗುವು ಮರುದಿನ ಬೆಂಚಿನಲ್ಲಿ ಒಂದು ಗೇಣು ಸರಿದು ಕೂಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಈ ವಿಷಯದಲ್ಲಿ ನಮಗೆ ಉದಾಸೀನವು ಸಾಧ್ಯವಿಲ್ಲ.

ಆ ಯುದ್ಧದ ವಿವರಗಳು ನಮಗೆ ಬಹುಮಟ್ಟಿಗೆ ತಿಳಿದುದು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯಿಂದ. ಅವನು ವಿಜಯನಗರದಲ್ಲಿದ್ದುದು ಯುದ್ಧವಾಗಿ ಸುಮಾರು ಹದಿನೈದು ವರ್ಷಗಳಾದ ಮೇಲೆ; ಎಂದರೆ ಅವನೂ ಹೇಳಿದವರ ಬಾಯಿಂದ ಕೇಳಿಯೇ ಬರೆದಿರಬೇಕು. ಆ ಬರವಣಿಗೆ ಪ್ಯಾರಿಸಿನ ಗ್ರಂಥಾಲಯದಲ್ಲಿ ಬಿದ್ದಿದ್ದು, ೧೮೯೭ರಲ್ಲಿ ಡೇವಿಡ್ ಲೊಪೇಸ್ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ೧೯೦೦ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದರು. ನೂನಿಜನು ಯುದ್ಧದ ವರ್ಷವನ್ನು ೧೫೨೨ ಎಂದು ಬರೆದಿದ್ದಾನೆ. ಸಿವೆಲ್ ಬೇರೆ ಆಧಾರಗಳೊಡನೆ ಹೋಲಿಸಿ ೧೫೨೦ ಎಂದು ತಿದ್ದಿದರು. ಎಷ್ಟು ಕಿವಿಗಳನ್ನೂ ಎಷ್ಟು ಕೈಗಳನ್ನೂ ದಾಟಿ ಬಂದ ಮಾತಿದು! ಮೊಬೈಲಿನಲ್ಲಿ ಹೇಳುವವರು ಈ ದಾರಿಯನ್ನು ಸ್ವಲ್ಪ ತೋರಿಸಿದ್ದರೆ ಕಥೆಗೆ ರುಚಿ ಕಡಮೆಯಾಗುತ್ತಿರಲಿಲ್ಲ.

ನೂನಿಜನಲ್ಲಿ ನಮಗೆ ಬಹಳ ಹಿಡಿಸಿದ ಭಾಗಗಳು ಎರಡು. ಮೊದಲನೆಯದು, ಗೋಡೆಯಿಂದ ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ದಂಡಿನವರಿಗೆ ಹತ್ತು, ಇಪ್ಪತ್ತು, ಐವತ್ತು ಹೀಗೆ ಹಣ ಕೊಡುತ್ತಿದ್ದರೆಂಬುದು. ಎರಡನೆಯದು, ತೊಗಲಿನ ಚೀಲಗಳಲ್ಲಿ ನೀರು ಹೊತ್ತು ದಂಡಿನ ದಾರಿಯುದ್ದಕ್ಕೂ ನಿಂತು ಬಾಯಾರಿದವರಿಗೆ ಕೊಡಲು ೧೨,೦೦೦ ಜನರಿದ್ದರೆಂಬುದು. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅಂಥ ಲೆಕ್ಕಗಳು ಬಾಯಿಂದ ಬಾಯಿಗೆ ಬೆಳೆಯುವುವು. ಆದರೆ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕೊಡ ಹಿಡಿದು ನಳದ ಮುಂದೆ ಸಾಲು ನಿಂತವಳಿಗೆ ಆ ನೀರಿನವರ ಬೆಲೆ ರಾಯನ ಸಿಂಹಾಸನಕ್ಕಿಂತ ಬೇಗನೆ ಅರ್ಥವಾಗುವುದು. ಒಂಬತ್ತನೆಯ ತರಗತಿಯಲ್ಲಿ ಈ ಸಂಗತಿಯನ್ನು ಓದಿ ಹೇಳಿದಾಗ ಬಂದ ಪ್ರಶ್ನೆಗಳು ಯಾವ ಯುದ್ಧವರ್ಣನೆಗೂ ಬಂದಿರಲಿಲ್ಲ. ಅವರಿಗೆ ಕೂಲಿ ಎಷ್ಟು? ನೀರು ಯಾವ ಹಳ್ಳದಿಂದ? ಅವರ ಮನೆಯವರು ಎಲ್ಲಿದ್ದರು? ಪಾಡ್‌ಕಾಸ್ಟಿನವರು ಇದನ್ನು ಬಿಟ್ಟು ಆನೆಗಳನ್ನೇಕೆ ಎಣಿಸುತ್ತಾ ಕೂಡುವರೋ ನಾವರಿಯೆವು.

ಕೇಳಿದುದನ್ನು ಒರೆಗೆ ಹಚ್ಚುವುದನ್ನೂ ಕಲಿಸಬೇಕಾಗಿದೆ. ನಮ್ಮ ಕೋಟೆಯನ್ನು ಕಾಕತೀಯ ರಾಣಿ ರುದ್ರಮದೇವಿಯ ಕಾಲದಲ್ಲಿ ಕಟ್ಟಿದರೆಂದು ಅನೇಕರು ಹೇಳುವರು, ಬರೆಯುವರು. ಹೆಣ್ಣೊಬ್ಬಳು ಆಳಿದ ಕಾಲದ್ದೆಂದು ನಮ್ಮ ಬಾಲಿಕೆಯರಿಗೂ ಅದು ಪ್ರಿಯವೇ. ಆದರೆ ಕೋಟೆಯ ಗೋಡೆಯಲ್ಲಿರುವ, ನಾಲ್ವತ್ತು ಅಡಿಗೂ ಮಿಕ್ಕ ಉದ್ದದ ಆ ಹೆಗ್ಗಲ್ಲಿನ ಶಾಸನದ ವರ್ಷ ೧೨೯೪. ರುದ್ರಮದೇವಿಯು ೧೨೮೯ರಲ್ಲಿಯೇ ತೀರಿಹೋಗಿದ್ದಳೆಂಬುದು ನಲ್ಗೊಂಡದ ಕಡೆಯ ಚಂದುಪಟ್ಲದ ಶಾಸನದಿಂದ ತಿಳಿದುಬಂದಿದೆ. ಎರಡು ವರ್ಷಗಳನ್ನು ಹಲಗೆಯ ಮೇಲೆ ಬರೆದು ಕಳೆದು ನೋಡುವುದು ಐದನೆಯ ತರಗತಿಯವಳಿಗೂ ಬರುವುದು. ಅದನ್ನು ಬಿಟ್ಟರೂ ಆ ಕಲ್ಲಿನ ಬಳಿಯಲ್ಲಿ ಬಂಡಿಯ ಮೇಲೆ ಅದನ್ನು ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನು ಕೊರೆದಿರುವುದುಂಟು. ಬಸ್ ನಿಲ್ದಾಣಕ್ಕೆ ಹೋಗುವ ಬರುವ ನಮ್ಮ ವಾಚಕರು ಒಮ್ಮೆ ನಿಂತು ನೋಡಬೇಕು.

ಆದುದರಿಂದ ನಾವು ತಾಯ್ತಂದೆಗಳಲ್ಲಿ ಬೇಡುವುದು ಮೊಬೈಲನ್ನು ಕೊಡಿರೆಂದಲ್ಲ, ಕಿತ್ತುಕೊಳ್ಳಿರೆಂದೂ ಅಲ್ಲ. ಕಿವಿಗೆ ಸಿಕ್ಕಿಸುವ ದಾರವನ್ನು ತೆಗೆದಿಟ್ಟು, ಅಡುಗೆಮನೆಯ ಗೂಡಿನಲ್ಲಿ ಅದನ್ನಿರಿಸಿ, ಎಲ್ಲರಿಗೂ ಕೇಳುವಂತೆ ಹಚ್ಚಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಅತ್ತೆ, ಸೊಸೆ, ಮೊಮ್ಮಗಳು ಕೂಡಿ ಕೇಳಿದಲ್ಲಿ ಸುಳ್ಳಿಗೆ ಅಷ್ಟು ಸುಲಭವಾಗಿ ಎಡೆಯಿರದು. ಯಾರಾದರೊಬ್ಬರು "ಹಂಗಲ್ಲ, ನಮ್ಮಪ್ಪ ಬ್ಯಾರೆ ಹೇಳ್ತಿದ್ದ" ಎಂದು ಬಾಯಿ ಹಾಕಿಯೇ ಹಾಕುವರು.

ಈ ಬಾಯಿ ಹಾಕುವವರ ವಿಷಯವಾಗಿಯೇ ನಮಗೆ ಅವಸರವಿರುವುದು. ಈ ಸೀಮೆಯು ೧೯೪೮ರ ಸೆಪ್ಟೆಂಬರಿನ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ೧೯೫೬ರ ನವೆಂಬರ್ ೧ರಂದು ಕನ್ನಡನಾಡಿಗೆ ಸೇರಿತು. ಪೋಲೀಸ್ ಕಾರ್ಯಾಚರಣೆಯ ದಿನಗಳನ್ನು ಬುದ್ಧಿ ಬಲ್ಲ ವಯಸ್ಸಿನಲ್ಲಿ ಕಂಡವರಿಗೆ ಈಗ ತೊಂಬತ್ತರ ಮೇಲಾಗಿರುವುದು. ಮಾನ್ವಿಯ ಒಂದು ಮನೆಯಲ್ಲಿ ಕೇಳಿಬರುವ ಕಥೆ ದೇವದುರ್ಗದ ಇನ್ನೊಂದು ಮನೆಯಲ್ಲಿ ಕೇಳಿಬರುವುದಿಲ್ಲ. ಒಬ್ಬರಿಗೆ ಬಿಡುಗಡೆಯಾದುದು ಇನ್ನೊಬ್ಬರಿಗೆ ಬಾಗಿಲು ಹಾಕಿಕೊಂಡು ಕುಳಿತ ರಾತ್ರಿಯಾಗಿದ್ದಿತು. ಎರಡನ್ನೂ ಬರೆದಿಡಬೇಕು, ಎರಡನ್ನೂ ಧ್ವನಿಯಲ್ಲಿ ಹಿಡಿದಿಡಬೇಕು. ಉರ್ದುವಿನಲ್ಲಿ ಪಾಠ ಕಲಿತು ಮನೆಯಲ್ಲಿ ಕನ್ನಡವಾಡಿದ ಅಜ್ಜಿಯರು, ಮೈಲಿಗಟ್ಟಲೆ ನಡೆದು ನೀರು ತಂದವರು, ಊರಿಗೆ ಮೊದಲು ಸೂಲಗಿತ್ತಿಯ ಬದಲು ನರ್ಸಮ್ಮ ಬಂದ ದಿನವನ್ನು ಬಲ್ಲವರು, ಇವರ ಮಾತನ್ನು ಬೆಂಗಳೂರಿನಿಂದ ಯಾರೂ ಬಂದು ಕೇಳಲಾರರು. ೨೦೦೨ರ ನಂಜುಂಡಪ್ಪ ಸಮಿತಿಯ ವರದಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಕಥೆಗಳಲ್ಲಿ ಅದು ಹಿಂದುಳಿದುದೆಂದು ಆ ವರದಿಯೂ ಹೇಳಿಲ್ಲ.

ಮುಂದಿನ ಜೂನ್ ತಿಂಗಳಿಂದ ಪ್ರತಿ ಶನಿವಾರ ತರಗತಿಗಳು ಮುಗಿದ ಮೇಲೆ ಒಂಬತ್ತನೆಯ ಹಾಗೂ ಹತ್ತನೆಯ ತರಗತಿಯ ಹುಡುಗಿಯರು ನಮ್ಮ ಸಮ್ಮುಖದಲ್ಲಿ ಈ ಕೆಲಸವನ್ನು ಹಿಡಿಯುವರು. ಪ್ರತಿಯೊಂದು ಕಂತಿನ ಕೊನೆಯಲ್ಲಿ, ಹೇಳಿದವರಿಗೆ ಅದು ಹೇಗೆ ತಿಳಿಯಿತು, ಕಂಡದ್ದೇ, ಕೇಳಿದ್ದೇ, ಓದಿದ್ದೇ ಎಂಬುದನ್ನು ತಪ್ಪದೆ ಹೇಳತಕ್ಕದ್ದು. ಹೆಸರು ಹೇಳಲು ಒಪ್ಪದವರ ಹೆಸರನ್ನು ಹೇಳುವುದಿಲ್ಲ. ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಯ ಹಿರಿಯರನ್ನು ಕರೆತರಬೇಕೆಂದು ಕೋರುತ್ತೇವೆ. ಬರಲಾರದಷ್ಟು ವಯಸ್ಸಾದವರಿದ್ದರೆ ಒಂದು ಕಾಗದ ಬರೆದು ತಿಳಿಸಿದರೆ ಸಾಕು. ಇಬ್ಬರು ಹುಡುಗಿಯರನ್ನು ಕರೆದುಕೊಂಡು ನಾವೇ ಅವರಿದ್ದಲ್ಲಿಗೆ ಬರುವೆವು. ಮಾನ್ವಿಯ ಕಡೆಗೆ ಮೊದಲು, ದೇವದುರ್ಗದ ಕಡೆಗೆ ಮಳೆ ನಿಂತ ಮೇಲೆ.