ಅರಸರ ತಟ್ಟೆಯೂ ಊರಿನ ಕಂಠವೂ

ಮೈಸೂರಿನ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು ಪರದೇಶದ ಸಂಗೀತಕ್ಕಾಗಿ ದ್ರವ್ಯವನ್ನು ವೆಚ್ಚಮಾಡಿದರೆಂದು ಆಕ್ಷೇಪಿಸುವವರು ಇಂದಿಗೂ ಉಂಟು. ಲಂಡನ್ನಿನ ಗಾನದಿಂದ ಮಂಡ್ಯದ ರೈತನಿಗೆ ಏನು ಪ್ರಯೋಜನವೆಂಬುದು ಅವರ ಪೂರ್ವಪಕ್ಷ. ಇದನ್ನು ವಿಮರ್ಶಿಸುವುದು ಯುಕ್ತ.

ಜರ್ಮನಿಯ ಸಂಗೀತಕರ್ತೃ ರಿಚರ್ಡ್ ಸ್ಟ್ರೌಸರು ಎಂಬತ್ತು ಮೀರಿದ ಮೇಲೆ, 1948ರಲ್ಲಿ, ವಾದ್ಯವೃಂದದೊಡನೆ ಹಾಡತಕ್ಕ ನಾಲ್ಕು ಗೀತೆಗಳನ್ನು ರಚಿಸಿದರು. ಅವುಗಳನ್ನು ಸಭೆಯಲ್ಲಿ ಕೇಳುವ ಮೊದಲೇ 1949ರಲ್ಲಿ ದಿವಂಗತರಾದರು. 1950ನೆಯ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ, ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡರು ಅವನ್ನು ಮೊದಲಬಾರಿಗೆ ಹಾಡಿದರು. ಅದಕ್ಕೆ 4,800 ಡಾಲರುಗಳ ಹೊಣೆ ಹೊತ್ತವರು ಮೈಸೂರಿನ ಅರಸರು. ತಾವು ಆ ಸಭೆಯಲ್ಲಿರಲಿಲ್ಲ; ಹಾಡು ತಟ್ಟೆಯಲ್ಲಿ ಮುದ್ರಿತವಾಗಿ ತಮ್ಮ ಸಂಗ್ರಹಕ್ಕೆ ಬರಬೇಕೆಂಬುದು ಅವರ ಅಪೇಕ್ಷೆ. ಆ ಗಾಯನವು ಕರಕರ ಸದ್ದಿನ ನಡುವೆಯೂ ಇಂದಿಗೂ ಕೇಳಿಸುತ್ತದೆ. ರಷ್ಯದ ವೃದ್ಧ ಸಂಗೀತಗಾರ ಮೆಟ್ನರರು 1951ರಲ್ಲಿ ಗತಿಸುವ ಮುನ್ನ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಲು ಸಾಧ್ಯವಾದುದೂ ಇದೇ ಅರಸರ ನೆರವಿನಿಂದ.

ಇದೇ ಅರಸರು ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಆ ಕೃತಿಗಳನ್ನು ಹೊಗಳಿ ಈ ತಟ್ಟೆಗಳನ್ನು ಹಳಿಯುವುದು ಅರ್ಧಜರತೀಯ ನ್ಯಾಯ: ಮುದುಕಿಯಲ್ಲಿ ಅರ್ಧ ಬೇಕು, ಅರ್ಧ ಬೇಡ ಎಂದಂತೆ. ನಾದಕ್ಕೆ ಸುಂಕದ ಕಟ್ಟೆಯಿಲ್ಲ. ಹಾಡುವವರು ಇರುವಾಗಲೇ ಹಾಡನ್ನು ಹಿಡಿದಿಡಬೇಕೆಂಬ ವಿವೇಕ ಆ ಅರಸರಿಗಿತ್ತು.

ಆದರೆ ಆಕ್ಷೇಪದಲ್ಲಿ ಒಂದು ಎಳೆ ಸತ್ಯವುಂಟು. ಊರಿನ ಕಂಠಗಳ ಗತಿಯೇನು? ಈ ಪ್ರಶ್ನೆಗೆ ಉತ್ತರ ಹೇಳತಕ್ಕವರು 1974ರಲ್ಲಿ ಗತಿಸಿದ ಮಹಾರಾಜರಲ್ಲ, ಈಗ ಬದುಕಿರುವ ವಿದ್ಯಾವಂತರು.

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹದಿಮೂರನೆಯ ಶತಮಾನದ ಪಂಚಲಿಂಗೇಶ್ವರ ದೇವಾಲಯವಿದೆ. ಸಾಲಾಗಿ ಐದು ಗರ್ಭಗುಡಿಗಳು. ಅಲ್ಲಿ ಕೆಲಸಮಾಡಿದ ರೂವಾರಿ ಮಲ್ಲಿತಮ್ಮನು ತನ್ನ ಹೆಸರನ್ನು ಕಲ್ಲಿನಲ್ಲಿಯೇ ಬಿಟ್ಟುಹೋದನು. ಅದೇ ಸೀಮೆಯಲ್ಲಿ ಸೋಬಾನೆ ಹಾಡಿದ, ರಾಗಿ ಬೀಸುತ್ತ ಪದ ಕಟ್ಟಿದ ಹೆಂಗಸರ ಹೆಸರು ಎಲ್ಲಿದೆ? ನಾಗಮಂಗಲ ಸೀಮೆಯವರಾದ ಜೀ. ಶಂ. ಪರಮಶಿವಯ್ಯನವರಂಥವರು ಊರೂರು ಅಲೆದು ಪದಗಳನ್ನು ಸಂಗ್ರಹಿಸಿದರು. ಪುಸ್ತಕದಲ್ಲಿ ಪದ ಉಳಿಯಿತು. ಧಾಟಿಯ ಎಳೆತ, ಸೊಲ್ಲಿನ ತಿರುವು, ಉಸಿರು ನಿಂತ ಜಾಗ ಅಕ್ಷರಕ್ಕೆ ಸಿಕ್ಕುವುದಿಲ್ಲ.

ಹಣವಿಲ್ಲವೆಂಬ ಸಬೂಬೂ ಈಗ ಸಲ್ಲದು. ಧ್ವನಿ ಹಿಡಿಯುವ ಯಂತ್ರ ಮನೆಮನೆಯ ಮೊಬೈಲಿನಲ್ಲಿದೆ. ಮದುವೆಮನೆಯಲ್ಲಿ ಒಡವೆಯನ್ನೂ ಊಟದ ಎಲೆಯನ್ನೂ ಚಿತ್ರ ತೆಗೆಯುವವರು, ಅಜ್ಜಿ ಸೋಬಾನೆ ಎತ್ತಿದೊಡನೆ ಅದನ್ನು ಜೇಬಿಗಿಳಿಸುತ್ತಾರೆ. ಆಕೆ ತೀರಿಕೊಂಡ ಮೇಲೆ ಸಂಸ್ಕೃತಿ ನಶಿಸಿತೆಂದು ಸಭೆಯಲ್ಲಿ ಭಾಷಣಮಾಡುತ್ತಾರೆ. ನೀರು ಹರಿದುಹೋದ ಮೇಲೆ ಕಟ್ಟೆ ಕಟ್ಟುವುದು ಎಂಥ ಕೆಲಸವೆಂದು ಕಾವೇರಿ ಹೇಮಾವತಿಗಳ ನೀರುಂಡು ಬದುಕುವ ಜಿಲ್ಲೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಅರಸರನ್ನು ಹಳಿಯುವವರೂ ಹೊಗಳುವವರೂ ಈ ತಿಂಗಳಲ್ಲಿ ತಮ್ಮ ಮನೆಯ ಹಿರಿಯರೊಬ್ಬರನ್ನು ಕೂರಿಸಿ ಹಾಡಿಸಲಿ. ಹಾಡಿನ ಮೊದಲು ಅವರ ಹೆಸರು, ಊರು, ದಿನಾಂಕಗಳನ್ನು ಅವರ ಬಾಯಿಂದಲೇ ಹೇಳಿಸಲಿ. ವಾದ ಆಮೇಲೆ ಮುಂದುವರಿಯಬಹುದು.