ಸ್ಕೋರ್ ಬರೆಯುವವನಿಗೂ ಚೆಂಡು ಕೊಡಿ

ಮಕ್ಕಳೇ, ನೀವೆಲ್ಲ ಅಂಗಳದಲ್ಲಿ ಆಡುವಾಗ ಗಾಲಿಕುರ್ಚಿಯಲ್ಲಿ ಕೂತ ಗೆಳೆಯನಿಗೆ ಏನು ಹೇಳುತ್ತೀರಿ? "ನೀನು ಸ್ಕೋರ್ ಬರಿ" ಅಂತೀರಲ್ಲವೇ? ಒಂದು ದಿನ ಬರೆದಾನು. ದಿನಾಲೂ ಬರೆಯುತ್ತಾ ಕೂತರೆ ಅವನು ಆಡಿದ ಹಾಗಾಯಿತೇ?

ಇಂಗ್ಲೆಂಡಿನಲ್ಲಿ 'ಫ್ಯಾಬ್' ಎಂಬ ಕ್ಲಬ್ಬುಗಳಿವೆ. 1957ರಲ್ಲಿ ಶುರುವಾದ ಸಂಸ್ಥೆ ಅದು. ಅಂಗವಿಕಲರೂ ಉಳಿದವರೂ ಅಲ್ಲಿ ಸಮಾನ ಸದಸ್ಯರು. ಒಟ್ಟಿಗೆ ಆಡುತ್ತಾರೆ, ಚಿತ್ರ ಬಿಡಿಸುತ್ತಾರೆ, ಪ್ರವಾಸ ಹೋಗುತ್ತಾರೆ. ಒಬ್ಬರು ಆಡುವವರು, ಇನ್ನೊಬ್ಬರು ನೋಡುವವರು ಎಂಬ ಭೇದವಿಲ್ಲ.

ಹೀಗೆ ಕೂಡಿ ಆಡಲು ಹೇಳಿಮಾಡಿಸಿದ ಆಟವೊಂದಿದೆ. ಹೆಸರು ಬೋಚಿಯಾ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಇದೆ. ಮೊದಲು ಒಂದು ಬಿಳಿ ಚೆಂಡನ್ನು ಎಸೆಯಬೇಕು. ಒಂದು ಕಡೆಯವರಿಗೆ 6 ಕೆಂಪು ಚೆಂಡು, ಇನ್ನೊಂದು ಕಡೆಯವರಿಗೆ 6 ನೀಲಿ. ಬಿಳಿ ಚೆಂಡಿಗೆ ಯಾರ ಚೆಂಡು ಹತ್ತಿರ ನಿಲ್ಲುತ್ತದೋ ಅವರಿಗೆ ಅಂಕ. ಎಲ್ಲರೂ ಕೂತೇ ಆಡುವುದು. ಕೈಯಿಂದ ಎಸೆಯಲಾಗದವರು ಇಳಿಜಾರು ಹಲಗೆಯ ಮೇಲಿಂದ ಉರುಳಿಸಬಹುದು.

ಮನೆಯಲ್ಲೇ ಆಡಿ ನೋಡಿ. ಹಳೆಯ ಕಾಲುಚೀಲಕ್ಕೆ ಒಂದು ಹಿಡಿ ರಾಗಿ ತುಂಬಿ ಗಂಟು ಕಟ್ಟಿದರೆ ಚೆಂಡಾಯಿತು. ಉರುಳಿಸುವುದಕ್ಕೆ ರಬ್ಬರ್ ಚೆಂಡೂ ಒಂದಿರಲಿ. ಗೆಳೆಯನನ್ನು ಕರೆಯಿರಿ. ಮಂಡಿನೋವೆಂದು ಜಗಲಿಯಲ್ಲೇ ಕೂರುವ ಅಜ್ಜಿಯನ್ನೂ ಕರೆಯಿರಿ. ಅಜ್ಜಿಯರೇ, ನೀವೂ ನೆಪ ಹೇಳದೆ ಬನ್ನಿ.

ಹಾಗಾದರೆ ಸ್ಕೋರ್ ಬರೆಯುವವರು ಯಾರು? ಸರದಿಯಂತೆ ಎಲ್ಲರೂ!